ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ: ಹೋಗೋ ಮುಂಚೆ ಗೊತ್ತಿರಬೇಕಾದ ವಿಷಯಗಳು

ಕೋಟೆಬೀದಿ:
ಬೆಂಗಳೂರಿನ ಈ ಸರ್ಕಾರಿ ಆಸ್ಪತ್ರೆಗೆ ಹೊರಗೆ ಎಲ್ಲರ ಬಾಯಲ್ಲೂ ‘ವಿಕ್ಟೋರಿಯಾ’ ಅಂತ ಒಂದೇ ಹೆಸರು. ಒಳಗೆ ಹೋದ್ರೆ ಅದು ಆಸ್ಪತ್ರೆಗಳ ಊರು. ಎಷ್ಟೋ ಜನ ಬೆಳಗಿನ ಹೊತ್ತೆಲ್ಲ ತಪ್ಪು ಕಟ್ಟಡದ ಸಾಲಲ್ಲಿ ನಿಂತು ಕಳೀತಾರೆ. ಅದಕ್ಕೇ ಈ ಎಳೆ ಶುರು ಮಾಡ್ತಿದ್ದೀನಿ. ಒಳಗೆ ಕೆಲಸ ಮಾಡೋರು, ರೋಗಿಗಳ ಜತೆ ಓಡಾಡೋರು ಖಚಿತವಾಗಿ ಗೊತ್ತಿರೋದನ್ನಷ್ಟೇ ಬರೀರಿ.

ಮೊದಲು ಜಾಗದ ಪರಿಚಯ. 1897ರಲ್ಲಿ ರಾಣಿ ವಿಕ್ಟೋರಿಯಾ ಪಟ್ಟಕ್ಕೆ ಬಂದ 60ನೇ ವರ್ಷದ ನೆನಪಿಗೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ರು, 1900ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಕರ್ಜನ್ ತೆರೆದ. ಆಗ ಇದ್ದದ್ದು 140 ಹಾಸಿಗೆ. ಆಮೇಲೆ ಬೇಕಾದಾಗೆಲ್ಲ ಒಂದೊಂದು ಕಟ್ಟಡ ಸೇರಿಸ್ತಾ ಹೋದ್ರು, ಹಾಗಾಗಿ ವಿಭಾಗಗಳು ಚದುರಿವೆ. ಜನರಲ್ ಮೆಡಿಸಿನ್, ಸರ್ಜರಿ ಮುಂತಾದವು ವಿಕ್ಟೋರಿಯಾದಲ್ಲಿ. ಅಪಘಾತಕ್ಕೆ ಅದೇ ಆವರಣದ ಟ್ರಾಮಾ ಮತ್ತು ತುರ್ತು ಚಿಕಿತ್ಸಾ ಕೇಂದ್ರ. ಸುಟ್ಟ ಗಾಯಕ್ಕೆ ಮಹಾಬೋಧಿ ಸುಟ್ಟಗಾಯಗಳ ಕೇಂದ್ರ. ಸೂಪರ್ ಸ್ಪೆಷಾಲಿಟಿಗೆ ಪಿ.ಎಂ.ಎಸ್.ಎಸ್.ವೈ. ಕಟ್ಟಡ. ಹೆರಿಗೆ, ಹೆಂಗಸರು, ಮಕ್ಕಳಿಗೆ ವಾಣಿವಿಲಾಸ. ಕಣ್ಣಿಗೆ ಮಿಂಟೋ, ಅದು ಚಾಮರಾಜಪೇಟೆ ಕಡೆ ರಸ್ತೆ ದಾಟಿ. ಮೂತ್ರಪಿಂಡಕ್ಕೆ ಇರೋ ನೆಫ್ರೋ ಯುರಾಲಜಿ ಸಂಸ್ಥೆ ಆವರಣದಲ್ಲೇ ಇದ್ರೂ ಆಡಳಿತ ಬೇರೆ, ಅಲ್ಲಿ ನೋಂದಣಿಯನ್ನೂ ಬೇರೆಯಾಗೇ ಮಾಡಿಸಬೇಕು.

ಇಲ್ಲಿಗೆ ಬರಬಾರದ ರೋಗಿಗಳೂ ಇದ್ದಾರೆ. ಎದೆನೋವು ಹೃದಯದ್ದೇ ಅಂತ ಗೊತ್ತಾಗಿದ್ರೆ ಜಯದೇವ, ಕ್ಯಾನ್ಸರ್ ಖಚಿತವಾಗಿದ್ರೆ ಕಿದ್ವಾಯಿ. ತಲೆಗೆ ಮಾತ್ರ ಏಟಾಗಿದ್ರೆ ನಿಮ್ಹಾನ್ಸ್. ತಲೆ ಜತೆ ಹೊಟ್ಟೆ, ಎದೆ, ಕಾಲಿಗೂ ಏಟಾಗಿದ್ರೆ ಎಲ್ಲ ವಿಭಾಗದೋರೂ ಒಂದೇ ಕಡೆ ಸಿಗೋ ಟ್ರಾಮಾ ಸೆಂಟರೇ ಸರಿ. ನಿಮ್ಹಾನ್ಸ್‌ಗೆ ಹೋಗಿ ಅಲ್ಲಿಂದ ವಾಪಸ್ ಬರೋ ಹೊತ್ತಿಗೆ ಹೊಟ್ಟೆಯೊಳಗಿನ ರಕ್ತಸ್ರಾವ ಕೈಮೀರಿರುತ್ತೆ.

ನೈಟ್‌ಡ್ಯೂಟಿ ಸಿಸ್ಟರ್:
ಕ್ಯಾಶುವಾಲ್ಟಿ ಅಂದ್ರೆ ತುರ್ತು ಚಿಕಿತ್ಸೆ ವಿಭಾಗದ ಬಗ್ಗೆ ನಾನು ಬರೀತೀನಿ. ಬಾಗಿಲಲ್ಲಿ ಮೊದಲು ಕೇಳೋದು ‘ಯಾವಾಗ ಆಯ್ತು’ ಅಂತ. ಸಂಬಂಧಿಕರು ಗಾಬರಿಯಲ್ಲಿ ‘ಈಗಲೇ’ ಅಂದುಬಿಡ್ತಾರೆ. ಆ ಒಂದು ಮಾತಿನ ಮೇಲೆ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತೆ.

ಸುಟ್ಟ ಗಾಯ ತಗೊಳ್ಳಿ. ಮೊದಲ 24 ಗಂಟೆಗೆ ಎಷ್ಟು ಡ್ರಿಪ್ ಅನ್ನೋದಕ್ಕೆ ಸೂತ್ರ ಇದೆ: 4 ಮಿ.ಲೀ. × ತೂಕ (ಕೆ.ಜಿ.) × ಸುಟ್ಟ ಭಾಗದ ಶೇಕಡಾ. 50 ಕೆ.ಜಿ. ಮನುಷ್ಯನಿಗೆ ಶೇ. 30 ಸುಟ್ಟಿದ್ರೆ 6000 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್. ಅದರಲ್ಲಿ ಅರ್ಧ, ಅಂದ್ರೆ 3000, ಮೊದಲ 8 ಗಂಟೆಯೊಳಗೆ ಹೋಗಬೇಕು. ಈ 8 ಗಂಟೆ ಎಣಿಸೋದು ಬೆಂಕಿ ತಗುಲಿದ ಹೊತ್ತಿಂದ. ರಾಮನಗರದಿಂದ ಬರೋಕೆ 3 ಗಂಟೆ ಹಿಡಿದಿದ್ರೆ ಆ 3000 ಮಿ.ಲೀ. ಉಳಿದ 5 ಗಂಟೆಯಲ್ಲೇ ಕೊಡಬೇಕಾಗುತ್ತೆ. ಸಮಯ ತಪ್ಪು ಹೇಳಿದ್ರೆ ಡ್ರಿಪ್ ನಿಧಾನವಾಗುತ್ತೆ, ಮೂತ್ರ ಕಡಿಮೆಯಾಗುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ. ಸೂತ್ರ ಬರೀ ಆರಂಭ ಅಷ್ಟೇ. ಆಮೇಲೆ ಗಂಟೆಗೊಮ್ಮೆ ಮೂತ್ರ ಅಳೆದು ಡ್ರಿಪ್ ಏರಿಸಿ ಇಳಿಸ್ತಾರೆ. ಹಾಗಾಗಿ ಮೂತ್ರದ ಚೀಲ ಖಾಲಿ ಮಾಡೋಕೆ ಹೇಳದೆ ಯಾರೂ ಕೈ ಹಾಕಬೇಡಿ, ಅಳತೆ ಬರೆದುಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದ್ದು ಒಂದೇ, 20 ನಿಮಿಷ ನಲ್ಲಿ ನೀರು ಹರಿಸೋದು. ಐಸ್ ಬೇಡ. ಇಂಕು, ಟೂತ್‌ಪೇಸ್ಟ್, ಅರಿಶಿನ, ಕೋಳಿಮೊಟ್ಟೆ ಯಾವುದೂ ಬೇಡ. ಅವನ್ನ ಕೆರೆದು ತೆಗೆಯೋದ್ರಲ್ಲೇ ರೋಗಿ ಅರ್ಧ ಜೀವ ಆಗ್ತಾರೆ. ಬಳೆ, ಉಂಗುರ, ಕಾಲುಂಗುರ ಊತ ಬರೋ ಮುಂಚೆಯೇ ತೆಗೀರಿ. ಮುಖ ಸುಟ್ಟಿದ್ರೆ, ಮೂಗಿನ ಕೂದಲು ಕಮರಿದ್ರೆ, ಧ್ವನಿ ಗೊಗ್ಗರಾಗಿದ್ರೆ ಬಾಗಿಲಲ್ಲೇ ಹೇಳಿ. ಶ್ವಾಸನಾಳ ಊದಿಕೊಳ್ಳೋ ಮುಂಚೆ ಟ್ಯೂಬ್ ಹಾಕಬೇಕಾಗುತ್ತೆ.

ಲಕ್ವದಲ್ಲೂ ಸಮಯವೇ ಮುಖ್ಯ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಗಡುವು. ರಾತ್ರಿ 10ಕ್ಕೆ ಚೆನ್ನಾಗಿ ಮಲಗಿ ಬೆಳಗ್ಗೆ 6ಕ್ಕೆ ಕೈ ಎತ್ತೋಕಾಗದೆ ಎದ್ದಿದ್ರೆ, ಕೊನೆಯದಾಗಿ ಚೆನ್ನಾಗಿದ್ದದ್ದು ರಾತ್ರಿ 10ಕ್ಕೆ ಅಂತಲೇ ಲೆಕ್ಕ.

ವಿಷ ಕುಡಿದಿದ್ರೆ ಬಾಟಲಿ ಅಥವಾ ಡಬ್ಬಿ ತನ್ನಿ. ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬೆಳೆ ಔಷಧಿ ಮೈಮೇಲೆ ಚೆಲ್ಲಿದ್ರೆ ಬಟ್ಟೆ ಬಿಚ್ಚಿ ಸೋಪು ಹಾಕಿ ತೊಳೀರಿ, ಅದು ಚರ್ಮದಿಂದಲೂ ಒಳಗೆ ಹೋಗುತ್ತೆ. ಇನ್ನೊಂದು ವಿಷಯ ಎಲ್ಲರೂ ನೆನಪಿಡಬೇಕು: ಇಲಿ ಪಾಷಾಣದ ಪೇಸ್ಟ್ ತಿಂದೋರು ಮೊದಲ ಒಂದೆರಡು ದಿನ ಆರಾಮಾಗಿ ಕಾಣ್ತಾರೆ. ‘ಏನೂ ಆಗಿಲ್ಲ’ ಅಂತ ಸಹಿ ಹಾಕಿ ಕರ್ಕೊಂಡು ಹೋಗ್ತಾರೆ. ಆಮೇಲೆ ಲಿವರ್ ಕೈಕೊಟ್ಟು ವಾಪಸ್ ಬರೋ ಹೊತ್ತಿಗೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರಲ್ಲ. ದಯವಿಟ್ಟು ಮನೆಗೆ ಕರ್ಕೊಂಡು ಹೋಗಬೇಡಿ.

ಹೆಬ್ಬಾಳ_ಆಟೋ:
ಸಿಸ್ಟರ್, ನಾಯಿ ಕಚ್ಚಿದ್ರೆ? ಅದಕ್ಕೂ ದೊಡ್ಡಾಸ್ಪತ್ರೆಗೇ ಬರಬೇಕಾ?

ನೈಟ್‌ಡ್ಯೂಟಿ ಸಿಸ್ಟರ್:
ಲಸಿಕೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಸಾಕು ಅಣ್ಣ. ಮೊದಲು 15 ನಿಮಿಷ ಸೋಪು, ಹರಿಯೋ ನೀರು. ಚರ್ಮದೊಳಗೆ ಕೊಡೋ ಲಸಿಕೆ ಆದ್ರೆ ಎರಡೂ ತೋಳಿಗೆ 0.1 ಮಿ.ಲೀ., 0, 3, 7, 28ನೇ ದಿನ. ಗಾಯದಲ್ಲಿ ರಕ್ತ ಬಂದಿದ್ರೆ ಲಸಿಕೆ ಒಂದೇ ಸಾಲದು, ಇಮ್ಯುನೋಗ್ಲೋಬುಲಿನ್ ಅನ್ನೋ ಇಂಜೆಕ್ಷನ್ ಗಾಯದೊಳಗೇ ಸುತ್ತ ತುಂಬಬೇಕು. ಅದು ಇಲ್ಲ ಅಂತ ಅಲ್ಲಿ ಹೇಳಿದ್ರೆ ಆವಾಗ ದೊಡ್ಡಾಸ್ಪತ್ರೆಗೆ ಬನ್ನಿ. ಮೂರು ಡೋಸ್ ಆದ್ಮೇಲೆ ಬಿಟ್ಟುಬಿಡೋರು ಜಾಸ್ತಿ, 28ನೇ ದಿನದ್ದೂ ಹಾಕಿಸ್ಕೊಳ್ಳಿ.

ಪಿಜಿ_ಮೆಡಿಸಿನ್:
ಹೊರರೋಗಿ ವಿಭಾಗ ಅಂದ್ರೆ ಓ.ಪಿ.ಡಿ. ಬಗ್ಗೆ. ಮೆಡಿಕಲ್ ಕಾಲೇಜು ಆಸ್ಪತ್ರೆ ನಡೆಯೋದು ಯೂನಿಟ್ ಮೇಲೆ. ಇದೊಂದು ಅರ್ಥವಾದ್ರೆ ಅಲೆದಾಟ ಎಷ್ಟೋ ಕಡಿಮೆಯಾಗುತ್ತೆ.

ಒಂದು ವಿಭಾಗದಲ್ಲಿ ಹಲವು ಯೂನಿಟ್‌ಗಳು, ಅಂದ್ರೆ ಡಾಕ್ಟರುಗಳ ತಂಡಗಳು. ಪ್ರತಿ ಯೂನಿಟ್‌ಗೆ ಒಬ್ಬ ಮುಖ್ಯಸ್ಥರು, ಸಾಮಾನ್ಯವಾಗಿ ಪ್ರೊಫೆಸರ್. ಅವರ ಕೆಳಗೆ ಅಸೋಸಿಯೇಟ್, ಅಸಿಸ್ಟೆಂಟ್ ಪ್ರೊಫೆಸರ್‌ಗಳು, ಸೀನಿಯರ್ ರೆಸಿಡೆಂಟ್, ಪಿ.ಜಿ.ಗಳು (ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದ್ತಿರೋ ಡಾಕ್ಟರುಗಳು), ಹೌಸ್ ಸರ್ಜನ್‌ಗಳು. ವಾರದ ಇಂಥ ದಿನ ಇಂಥ ಯೂನಿಟ್ ಓ.ಪಿ.ಡಿ. ನೋಡುತ್ತೆ, ಆ ದಿನ ದಾಖಲಾದ ರೋಗಿ ಆ ಯೂನಿಟ್‌ನವರು. ಡಿಸ್ಚಾರ್ಜ್ ಆಗೋವರೆಗೆ, ಆಮೇಲೆ ಮರುಭೇಟಿಗೂ, ಅವರೇ ನೋಡ್ಬೇಕು.

ಹೀಗಾಗಿ ಮೊದಲ ಭೇಟಿಗೆ ಯಾವ ದಿನ ಬಂದ್ರೂ ನಡೆಯುತ್ತೆ. ಎರಡನೇ ಭೇಟಿಗೆ ಚೀಟಿಯಲ್ಲಿ ಬರೆದ ಯೂನಿಟ್ ದಿನವೇ ಬನ್ನಿ. ಬೇರೆ ದಿನ ಬಂದ್ರೆ ನಿಮ್ಮ ಕಾಯಿಲೆ ಗೊತ್ತಿಲ್ಲದ ಡಾಕ್ಟರು ಮೊದಲಿಂದ ಶುರು ಮಾಡ್ತಾರೆ, ಅದೇ ಪರೀಕ್ಷೆ ಮತ್ತೆ ಬರೀತಾರೆ. ಜನ ಇದನ್ನ ‘ಸತಾಯಿಸ್ತಾರೆ’ ಅಂತಾರೆ, ಆದ್ರೆ ಆ ಡಾಕ್ಟರ ಕೈಯಲ್ಲಿ ನಿಮ್ಮ ಹಳೆ ಕಾಗದ ಇಲ್ಲ ಅನ್ನೋದೇ ನಿಜವಾದ ತೊಂದರೆ. ಯೂನಿಟ್ ನಂಬರ್, ಯೂನಿಟ್ ಮುಖ್ಯಸ್ಥರ ಹೆಸರು, ಓ.ಪಿ.ಡಿ. ದಿನ, ಈ ಮೂರನ್ನೂ ಚೀಟಿ ಹಿಂದೆ ಬರೆಸ್ಕೊಳ್ಳಿ. ಫೋನಲ್ಲಿ ಫೋಟೋ ಇಟ್ಕೊಳ್ಳಿ.

ನೋಂದಣಿಗೆ ಬೆಳಗ್ಗೆ 9ರ ಮುಂಚೆಯೇ ಸಾಲು ಬೆಳೆದಿರುತ್ತೆ. ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಆ್ಯಪ್ ಇಟ್ಕೊಂಡೋರು ಕೌಂಟರ್ ಹತ್ತಿರ ಅಂಟಿಸಿರೋ ಕ್ಯೂ.ಆರ್. ಸ್ಕ್ಯಾನ್ ಮಾಡಿದ್ರೆ ಹೆಸರು, ವಯಸ್ಸು, ವಿಳಾಸ ತಾನಾಗೇ ಹೋಗಿ ಟೋಕನ್ ಬರುತ್ತೆ. ಟೋಕನ್ ಸ್ವಲ್ಪ ಹೊತ್ತಿಗೆ ಲ್ಯಾಪ್ಸ್ ಆಗುತ್ತೆ, ಬಸ್ಸಲ್ಲಿ ಕೂತು ಮಾಡಬೇಡಿ, ಕೌಂಟರ್ ಮುಂದೆ ಬಂದು ಮಾಡಿ. ಚೀಟಿ ದರ 2024ರ ನವೆಂಬರ್‌ನಲ್ಲಿ 10 ರೂಪಾಯಿಂದ 20ಕ್ಕೆ, ಒಳರೋಗಿ ನೋಂದಣಿ 25ರಿಂದ 50ಕ್ಕೆ ಏರಿದೆ. ಚಿಲ್ಲರೆ ತನ್ನಿ.

ಇನ್ನೊಂದು, ಹಳೆ ಚೀಟಿ ಇದ್ದೂ ಹೊಸ ಚೀಟಿ ಮಾಡಿಸಬೇಡಿ. ಎರಡು ನಂಬರ್ ಆದ್ರೆ ಹಿಂದಿನ ರಿಪೋರ್ಟ್ ಒಂದರಲ್ಲಿ, ಇವತ್ತಿಂದು ಇನ್ನೊಂದರಲ್ಲಿ.

ಬಾಗಲೂರು_ಕ್ರಾಸ್:
ಬಿ.ಪಿ.ಎಲ್. ಕಾರ್ಡ್ ಇಲ್ಲದೋರ ಗತಿ ಏನು? ಕಟ್ಟಡ ಕೆಲಸಕ್ಕೆ ಬಂದಿರೋ ಬಿಹಾರ, ರಾಯಚೂರು ಕಡೆಯೋರು ಎಷ್ಟೊಂದು ಜನ ಇದ್ದಾರೆ.

ಕಾರ್ಡ್‌ಕೌಂಟರ್:
ಒಂದೊಂದಾಗಿ ಹೇಳ್ತೀನಿ ಸರ್.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಚಿಕಿತ್ಸಾ ಯೋಜನೆ 2018ರಿಂದ ಇದೆ, ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎ.ಪಿ.ಎಲ್. ಆದ್ರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿರೋ ದರ) ಶೇ. 30 ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯ ದರ ಮೊದಲೇ ಕಡಿಮೆ ಇರೋದ್ರಿಂದ ಉಳಿದದ್ದು ಹೊರೆಯಾಗಲ್ಲ. ರಾಯಚೂರಿನ ಕಾರ್ಡ್ ಬೆಂಗಳೂರಲ್ಲೂ ನಡೆಯುತ್ತೆ. ಹೊರರಾಜ್ಯದೋರ ಹತ್ರ ಅವರ ರಾಜ್ಯದ ಆಯುಷ್ಮಾನ್ ಕಾರ್ಡ್ ಇದ್ರೆ ಅದನ್ನೂ ಇಲ್ಲಿ ಬಳಸಬಹುದು. ಯಾವ ಕಾರ್ಡೂ ಇಲ್ಲದೋರಿಗೂ ತುರ್ತು ಚಿಕಿತ್ಸೆ ನಿಲ್ಲಲ್ಲ. ಕಾಗದ ಆಮೇಲೆ ತರಬಹುದು.

ಎಲ್ಲಿ ಕೆಡುತ್ತೆ ಅಂದ್ರೆ ಹೆಸರಲ್ಲಿ. ಆಧಾರ್‌ನಲ್ಲಿ ‘ಮಂಜುಳ’, ರೇಷನ್ ಕಾರ್ಡಲ್ಲಿ ‘ಮಂಜಮ್ಮ’, ಕೇಸ್‌ಶೀಟಲ್ಲಿ ‘ಮಂಜುಳಾ ಬಾಯಿ’. ಮೂರೂ ಒಬ್ಬರೇ ಅಂತ ಕಂಪ್ಯೂಟರ್ ಒಪ್ಪಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಲ್ಲೇ ಇರುತ್ತೆ, ಗಂಡನ ಕಾರ್ಡ್ ತಂದು ಕೌಂಟರ್ ಮುಂದೆ ಜಗಳ ಆಗುತ್ತೆ. ತವರಿನ ಕಾರ್ಡನ್ನೇ ತನ್ನಿ, ಕೆಲಸ ಆಗುತ್ತೆ. ಅಡ್ಮಿಷನ್ ಆಗೋವಾಗ ಆಧಾರ್‌ನಲ್ಲಿ ಇರೋ ಹಾಗೇ ಹೆಸರು ಬರೆಸಿ. ಅಡ್ಮಿಟ್ ಆದ ದಿನವೇ ಆರೋಗ್ಯ ಮಿತ್ರರ (ಯೋಜನೆಯ ಕೆಲಸ ನೋಡೋ ಸಿಬ್ಬಂದಿ) ಕೌಂಟರ್‌ಗೆ ಬನ್ನಿ. ಆಪರೇಷನ್‌ಗೆ ಮುಂಚೆ ಆನ್‌ಲೈನ್ ಅನುಮತಿ ಬರಬೇಕು. ಡಿಸ್ಚಾರ್ಜ್ ದಿನ ಬಂದು ‘ಈಗ ಸೇರಿಸಿ’ ಅಂದ್ರೆ ದಾರಿ ಇರಲ್ಲ.

ಇಲ್ಲಿ ಆ ಸೌಲಭ್ಯವೋ ಹಾಸಿಗೆಯೋ ಇಲ್ಲದಿದ್ರೆ ಖಾಸಗಿ ಆಸ್ಪತ್ರೆಗೆ ರೆಫರಲ್ ಪತ್ರ ಕೊಡ್ತಾರೆ. ಆ ಪತ್ರ ಇಲ್ಲದೆ ನೇರ ಖಾಸಗಿಗೆ ಹೋಗಿ ಸೇರಿಕೊಂಡ್ರೆ ತುರ್ತು ಪಟ್ಟಿಯಲ್ಲಿರೋ ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಯೋಜನೆ ಸಿಗಲ್ಲ. ಸಂಶಯ ಇದ್ರೆ 104ಕ್ಕೆ ಫೋನ್ ಮಾಡಿ ಕೇಳಿ.

ನೇರಳೆಟ್ಯೂಬ್:
ಲ್ಯಾಬ್ ಕಡೆಯಿಂದ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಯಾಂಪಲ್ ಹೊತ್ತುಕೊಂಡು ಬರೋದು ಬಹಳ ಸಲ ಸಂಬಂಧಿಕರೇ. ಹಾಗಾಗಿ ಇದು ನಿಮಗೂ ಗೊತ್ತಿರಲಿ.

ನೇರಳೆ ಮುಚ್ಚಳ ರಕ್ತಕಣಗಳ ಎಣಿಕೆಗೆ, ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಇ.ಡಿ.ಟಿ.ಎ. ಇರುತ್ತೆ. ರಕ್ತ ಹಾಕಿದ ಕೂಡಲೇ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ತಿಳಿನೀಲಿ ಮುಚ್ಚಳ ರಕ್ತ ಹೆಪ್ಪುಗಟ್ಟೋ ಪರೀಕ್ಷೆಗೆ. ಅದರಲ್ಲಿ ಇರೋದು ಹೆಪ್ಪು ತಡೆಯೋ ಸಿಟ್ರೇಟ್ ದ್ರವ, ಅದರ ಒಂದು ಪಾಲಿಗೆ ಒಂಬತ್ತು ಪಾಲು ರಕ್ತ. ಗೆರೆವರೆಗೆ ತುಂಬದಿದ್ರೆ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಅನ್ನೋ ಅಳತೆ) ತಪ್ಪಾಗಿ ಜಾಸ್ತಿ ತೋರಿಸುತ್ತೆ, ಆಪರೇಷನ್ ಸುಮ್ಮನೆ ಮುಂದಕ್ಕೆ ಹೋಗುತ್ತೆ. ಬೂದು ಮುಚ್ಚಳ ಸಕ್ಕರೆಗೆ. ಬೇರೆ ಟ್ಯೂಬಲ್ಲಿ ಸಕ್ಕರೆ ಕಳಿಸಿ ತಡವಾದ್ರೆ ರಕ್ತಕಣಗಳೇ ಸಕ್ಕರೆ ತಿಂದು ಮುಗಿಸ್ತವೆ, ರಿಪೋರ್ಟ್ ಕಡಿಮೆ ಬರುತ್ತೆ.

ಕೈಗೆ ಡ್ರಿಪ್ ಹೋಗ್ತಿದ್ರೆ ಆ ಕೈಯಿಂದ ರಕ್ತ ತೆಗೀಬಾರದು. ಡೆಕ್ಸ್‌ಟ್ರೋಸ್ ಅಂದ್ರೆ ಸಕ್ಕರೆ ಡ್ರಿಪ್ ಹೋಗ್ತಿರೋ ಕೈಯಿಂದ ತೆಗೆದ ಸಕ್ಕರೆ 500 ಬಂದು ಇನ್ಸುಲಿನ್ ಕೊಟ್ಟುಬಿಟ್ರೆ ಅಪಾಯ. ಸ್ಯಾಂಪಲ್ ಜೇಬಲ್ಲಿ ಇಟ್ಕೊಂಡು ಟೀ ಕುಡಿಯೋಕೆ ಹೋಗಬೇಡಿ. ತಡವಾದಷ್ಟೂ ಕಣಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತೆ, ಇಲ್ಲದ ತೊಂದರೆ ರಿಪೋರ್ಟಲ್ಲಿ ಕಾಣುತ್ತೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಲೇಬಲ್‌ನದ್ದು. ಒಂದೇ ವಾರ್ಡಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ಸೈಯದ್ ಇರೋದು ಮಾಮೂಲು. ಟ್ಯೂಬ್ ಮೇಲೆ ಹೆಸರು, ವಯಸ್ಸು, ಐ.ಪಿ. (ಒಳರೋಗಿ) ನಂಬರ್ ಮೂರೂ ಹಾಸಿಗೆ ಪಕ್ಕದಲ್ಲೇ ಬರೀಬೇಕು, ರಕ್ತ ತೆಗೆದಮೇಲೆ, ರೋಗಿ ಬಾಯಿಂದ ಹೆಸರು ಕೇಳಿ. ಖಾಲಿ ಟ್ಯೂಬ್‌ಗೆ ಮುಂಚೆಯೇ ಹೆಸರು ಬರೆದು ಸಾಲಾಗಿ ಇಡೋ ಅಭ್ಯಾಸ ಎಲ್ಲಿದ್ರೂ ನಿಲ್ಲಬೇಕು. ಸಂಬಂಧಿಕರು ಕೈಗೆ ಬಂದ ಟ್ಯೂಬ್ ಓದಿ ನೋಡಿ, ನಂಬರ್ ಇಲ್ಲದಿದ್ರೆ ಅಲ್ಲೇ ಕೇಳಿ. ಯಾರೂ ತಪ್ಪು ತಿಳ್ಕೊಳ್ಳಲ್ಲ.

ಚಿಕ್ಕಪೇಟೆ_ಸ್ಟೋರ್ಸ್:
ಡೆಂಗಿ ಸಮಯದಲ್ಲಿ ಒಂದು ಲ್ಯಾಬಲ್ಲಿ ಪ್ಲೇಟ್‌ಲೆಟ್ 30 ಸಾವಿರ, ಇನ್ನೊಂದರಲ್ಲಿ 90 ಸಾವಿರ ಬರುತ್ತೆ. ಯಾವುದನ್ನ ನಂಬೋದು?

ನೇರಳೆಟ್ಯೂಬ್:
ಒಳ್ಳೆ ಪ್ರಶ್ನೆ. ಟ್ಯೂಬ್ ಸರಿಯಾಗಿ ತಿರುಗಿಸದಿದ್ರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ತವೆ, ಮೆಷಿನ್ ಆ ಗುಂಪನ್ನ ಪ್ಲೇಟ್‌ಲೆಟ್ ಅಂತ ಎಣಿಸೋದೇ ಇಲ್ಲ. ಹಾಗಾಗಿ ಎಣಿಕೆ ಇದ್ದಕ್ಕಿದ್ದಂತೆ ಬಿದ್ರೆ ಸ್ಮಿಯರ್ ಅಂದ್ರೆ ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿಸೋಕೆ ಕೇಳಿ. ಜ್ವರದ ಮೊದಲ 5 ದಿನ ಎನ್.ಎಸ್.1, ಆಮೇಲೆ ಐ.ಜಿ.ಎಂ. ಪರೀಕ್ಷೆ. ದಿನ ತಪ್ಪಿ ಮಾಡಿಸಿದ್ರೆ ಇರೋ ಡೆಂಗಿಯೂ ‘ನೆಗೆಟಿವ್’.

ಪಿಜಿ_ಮೆಡಿಸಿನ್:
ಒಂದು ಮಾತು ಸೇರಿಸ್ತೀನಿ. ಎಣಿಕೆಗಿಂತ ರೋಗಿಯನ್ನ ನೋಡಿ. ಜ್ವರ ಬಿಟ್ಟ ದಿನವೇ ಡೆಂಗಿಯಲ್ಲಿ ಅಪಾಯದ ದಿನ. ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗೋದು, ಮೂತ್ರ ಕಡಿಮೆಯಾಗೋದು ಕಂಡ್ರೆ ತಕ್ಷಣ ಬನ್ನಿ. ರಕ್ತಸ್ರಾವ ಇಲ್ಲದೋರಿಗೆ ಎಣಿಕೆ 10 ಸಾವಿರಕ್ಕಿಂತ ಕೆಳಗಿಳಿಯೋವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕೋ ಅಗತ್ಯ ಇರಲ್ಲ. 40 ಸಾವಿರಕ್ಕೇ ಹೆದರಿ ಊರೆಲ್ಲ ದಾನಿಗಳನ್ನ ಹುಡುಕಬೇಡಿ.

ರಕ್ತನಿಧಿ_ಕಿಟಕಿ:
ದಾನಿಗಳ ಮಾತು ಬಂತಲ್ಲ, ಅದರ ಬಗ್ಗೆ ಸ್ವಲ್ಪ.

ರಕ್ತ ಕೇಳೋಕೆ ಬರೋವಾಗ ಡಾಕ್ಟರ್ ಸಹಿ ಇರೋ ಅರ್ಜಿ, ಲೇಬಲ್ ಸರಿ ಇರೋ ಸ್ಯಾಂಪಲ್. ಅರ್ಜಿಯಲ್ಲಿ ‘ಬಿ ಪಾಸಿಟಿವ್’ ಅಂತ ಬರೆದಿದ್ರೂ ನಾವು ಗುಂಪು ಮತ್ತೆ ನೋಡ್ತೀವಿ, ಕ್ರಾಸ್‌ಮ್ಯಾಚ್ ಮಾಡ್ತೀವಿ, ಅಂದ್ರೆ ದಾನಿ ರಕ್ತ ರೋಗಿ ರಕ್ತಕ್ಕೆ ಹೊಂದುತ್ತಾ ಅಂತ ನೋಡ್ತೀವಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತೆ. ಕಿಟಕಿ ಬಡಿದ್ರೂ ಅದು ಬೇಗ ಆಗಲ್ಲ, ಆತುರಪಟ್ಟು ಮಾಡಿದ್ರೆ ಜೀವಕ್ಕೇ ಅಪಾಯ.

ಕೆಂಪುಕಣದ ಚೀಲ ಇರೋದು 2ರಿಂದ 6 ಡಿಗ್ರಿಯಲ್ಲಿ. ಹೊರಗೆ ಬಂದ 30 ನಿಮಿಷದೊಳಗೆ ಹಾಕೋಕೆ ಶುರು ಮಾಡಬೇಕು, 4 ಗಂಟೆಯೊಳಗೆ ಮುಗೀಬೇಕು. ರೋಗಿಗೆ ಜ್ವರ ಇದೆ, ಕ್ಯಾನುಲಾ (ನರಕ್ಕೆ ಹಾಕೋ ಸಣ್ಣ ಕೊಳವೆ) ಇನ್ನೂ ಹಾಕಿಲ್ಲ ಅನ್ನೋ ಹಾಗಿದ್ರೆ ಚೀಲ ತಗೊಂಡು ಹೋಗಲೇಬೇಡಿ, ಕಾದಿರಿಸಿ ಅಂತ ಹೇಳಿ. ಬಿಸಿನೀರಲ್ಲಿ ಅದ್ದೋದು, ಬಿಸಿಲಿಗಿಡೋದು ಬೇಡ, ಕಣ ಒಡೆಯುತ್ತೆ. ಪ್ಲೇಟ್‌ಲೆಟ್ ಚೀಲವನ್ನ ಮಾತ್ರ ಫ್ರಿಜ್‌ನಲ್ಲಿ ಇಡಬಾರದು. ಅದು 20–24 ಡಿಗ್ರಿಯಲ್ಲಿ ಅಲ್ಲಾಡ್ತಾ ಇರಬೇಕು, ಆಯಸ್ಸು 5 ದಿನ.

ದಾನಿಗೆ 18ರಿಂದ 65 ವಯಸ್ಸು, ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಆಸ್ಪತ್ರೆ ಬಾಗಿಲಲ್ಲಿ ‘ದಾನಿ ಕೊಡಿಸ್ತೀನಿ, ಇಷ್ಟು ದುಡ್ಡು ಕೊಡಿ’ ಅನ್ನೋರು ಸಿಕ್ಕಿದ್ರೆ ದೂರ ಇಡಿ. ದುಡ್ಡಿಗೆ ರಕ್ತ ಮಾರೋದು 1998ರಿಂದ ನಿಷಿದ್ಧ, ಅಂಥವರು ತಮ್ಮ ಕಾಯಿಲೆ ಮುಚ್ಚಿಡ್ತಾರೆ.

ಚಾಮರಾಜಪೇಟೆ_ಅಕ್ಕ:
ಯಾರೂ ಭಾಷೆ ಬಗ್ಗೆ ಬರೆದಿಲ್ಲ. ಈ ಆಸ್ಪತ್ರೆ ಸುತ್ತ ಕನ್ನಡ, ಉರ್ದು, ತಮಿಳು, ತೆಲುಗು ಎಲ್ಲ ಒಂದೇ ಬೀದಿಯಲ್ಲಿ. ಈಗ ಹಿಂದಿ, ಬಂಗಾಳಿ, ಒಡಿಯಾನೂ ಸೇರಿದೆ. ಓ.ಪಿ.ಡಿ.ಯಲ್ಲಿ ಡಾಕ್ಟರಿಗೆ ಒಬ್ಬ ರೋಗಿಗೆ ಸಿಗೋದು ಕೆಲವೇ ನಿಮಿಷ. ಅದರಲ್ಲಿ ಮಾತು ಅರ್ಥವಾಗದೇ ಹೋದ್ರೆ ಬಂದದ್ದೇ ದಂಡ.

ಶಾಲೆ ಬಿಡಿಸಿ ಕರ್ಕೊಂಡು ಬಂದ ಮಗುವಿನ ಕೈಲಿ ಮಾತು ಹೇಳಿಸಬೇಡಿ. ತಾಯಿ ತನ್ನ ಮುಟ್ಟಿನ ತೊಂದರೆಯನ್ನ ಹನ್ನೆರಡು ವರ್ಷದ ಮಗನ ಬಾಯಲ್ಲಿ ಹೇಳಿಸೋಕಾಗುತ್ತಾ? ಹೊಟ್ಟೆನೋವು ಅಂತ ಮುಗಿಸಿಬಿಡ್ತಾಳೆ, ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಬರೀತಾರೆ. ವಾರ್ಡಲ್ಲಿ ಆ ಭಾಷೆಯ ಸಿಸ್ಟರೋ ಆಯಾನೋ ಇದ್ದೇ ಇರ್ತಾರೆ, ಕೇಳಿ. ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಯಾವ ಕಡೆ, ಯಾವ ಅಂಗ, ಏನು ಅಪಾಯ ಅಂತ ಗೊತ್ತಿರೋ ಭಾಷೆಯಲ್ಲಿ ಹೇಳಿಸ್ಕೊಳ್ಳಿ, ಕೇಳಿದ್ದನ್ನ ವಾಪಸ್ ಹೇಳಿ ಸರಿ ಇದೆಯಾ ಅಂತ ನೋಡಿ.

ಮಾತ್ರೆ ಪಟ್ಟಿಯ ಮೇಲೆ 1-0-1 ಅಂತ ಬರೆಸಿ: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದೋರಿಗೂ ಅಂಕಿ ಅರ್ಥ ಆಗುತ್ತೆ. ಊಟದ ಮುಂಚೆಯೋ ಆಮೇಲೋ ಅನ್ನೋದನ್ನ ಪಕ್ಕದಲ್ಲೇ ಖಾಲಿ ತಟ್ಟೆ, ತುಂಬಿದ ತಟ್ಟೆ ಬರೆದು ತೋರಿಸಿದ್ರೆ ಅಜ್ಜಿಯರು ತಪ್ಪೋದೇ ಇಲ್ಲ.

ರಂಜಾನ್ ಉಪವಾಸ ಮಾಡೋ ಸಕ್ಕರೆ ಕಾಯಿಲೆಯೋರು ತಿಂಗಳು ಶುರುವಾಗೋಕೆ ಆರೆಂಟು ವಾರ ಮುಂಚೆಯೇ ಡಾಕ್ಟರಿಗೆ ಹೇಳಿ. ಗ್ಲಿಮಿಪಿರೈಡ್ ಥರದ ಮಾತ್ರೆ, ಇನ್ಸುಲಿನ್ ಬೆಳಗ್ಗೆ ಮಾಮೂಲಿನಂತೆ ತಗೊಂಡು ಇಡೀ ದಿನ ಊಟ ಬಿಟ್ರೆ ಸಂಜೆ ಹೊತ್ತಿಗೆ ಸಕ್ಕರೆ ಕುಸಿಯುತ್ತೆ. ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರೇ ಬದಲಿಸಬೇಕು. ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದ್ರೆ ಉಪವಾಸ ಬಿಡಲೇಬೇಕು. ಏಕಾದಶಿ, ಶ್ರಾವಣ ಸೋಮವಾರದ ಉಪವಾಸಕ್ಕೂ ಇದೇ ಮಾತು, ಅದನ್ನ ಯಾರೂ ಡಾಕ್ಟರಿಗೆ ಹೇಳೋದೇ ಇಲ್ಲ.

ಸಂಜೆ_ಬಸ್ಸು:
ಇಷ್ಟೆಲ್ಲ ಸರಿ. ಆದ್ರೆ ವಿದ್ಯಾರ್ಥಿಗಳು ನಮ್ಮ ಮೇಲೆ ಕಲಿಯೋದು ಅನ್ನೋ ಭಯ ಜನಕ್ಕೆ ಇದ್ದೇ ಇದೆ. ಒಬ್ಬ ರೋಗಿಯನ್ನ ಹತ್ತು ಜನ ಬಂದು ಅದೇ ಪ್ರಶ್ನೆ ಕೇಳ್ತಾರೆ.

ಪಿಜಿ_ಮೆಡಿಸಿನ್:
ಭಯ ಸಹಜ, ಉತ್ತರ ಕೊಡೋದು ನಮ್ಮ ಕರ್ತವ್ಯ. ಈ ಆಸ್ಪತ್ರೆಗಳಿಗೆ ಸೇರಿದ ಬೆಂಗಳೂರು ಮೆಡಿಕಲ್ ಕಾಲೇಜು 1955ರಲ್ಲಿ ಶುರುವಾದದ್ದು, ಈಗ ವರ್ಷಕ್ಕೆ 250 ಎಂ.ಬಿ.ಬಿ.ಎಸ್. ಸೀಟು. ವಿದ್ಯಾರ್ಥಿಗಳು ಪ್ರಶ್ನೆ ಕೇಳ್ತಾರೆ, ಪರೀಕ್ಷಿಸಿ ನೋಡ್ತಾರೆ, ಚಿಕಿತ್ಸೆ ನಿರ್ಧರಿಸಲ್ಲ. ಮದ್ದು ಬರೆಯೋದು, ಬದಲಿಸೋದು ಯೂನಿಟ್ ಡಾಕ್ಟರುಗಳ ಕೆಲಸ. ಆಪರೇಷನ್‌ನಲ್ಲಿ ಪಿ.ಜಿ. ಕೈಹಾಕಿದ್ರೂ ಪಕ್ಕದಲ್ಲಿ ಹಿರಿಯರು ಇರಬೇಕು, ಇರ್ತಾರೆ.

ರೋಗಿಗೆ ಬೇಡ ಅನ್ನೋ ಹಕ್ಕಿದೆ. ಸುಸ್ತಾಗಿದೆ, ನೋವಿದೆ, ನಾಚಿಕೆಯಾಗುತ್ತೆ ಅಂದ್ರೆ ಸಾಕು. ಅದಕ್ಕಾಗಿ ಚಿಕಿತ್ಸೆಯಲ್ಲಿ ವ್ಯತ್ಯಾಸ ಮಾಡುವ ಹಾಗಿಲ್ಲ. ಹೆಂಗಸರನ್ನ ಪರೀಕ್ಷಿಸುವಾಗ ಸಿಸ್ಟರೋ ಮನೆಯ ಹೆಂಗಸರೋ ಜತೆಗಿರಬೇಕು, ಪರದೆ ಎಳೀಬೇಕು. ಇಲ್ಲದಿದ್ರೆ ಕೇಳಿ ಮಾಡಿಸ್ಕೊಳ್ಳಿ. ಮತ್ತೆ ಮತ್ತೆ ಕೇಳೋ ಪ್ರಶ್ನೆಯಿಂದ ಉಪಯೋಗವೂ ಇದೆ. ಬೆಳಗಿನ ಗಡಿಬಿಡಿಯಲ್ಲಿ ಬಿಟ್ಟುಹೋದ ಔಷಧಿ ಅಲರ್ಜಿ, ನಾಟಿ ಮದ್ದು, ಹಳೆ ಕ್ಷಯದ ಚಿಕಿತ್ಸೆ ಎಷ್ಟೋ ಸಲ ಮಧ್ಯಾಹ್ನ ನಿಧಾನವಾಗಿ ಕೂತು ಕೇಳೋ ವಿದ್ಯಾರ್ಥಿಗೇ ಸಿಗುತ್ತೆ. ಅವರು ಅದನ್ನ ಮೇಲಿನವರಿಗೆ ಹೇಳ್ತಾರೆ.

ತಾಯಿಕಾರ್ಡ್:
ವಾಣಿವಿಲಾಸದ್ದು ಚಿಕ್ಕದಾಗಿ. ತಾಯಿ ಕಾರ್ಡ್ ಮರೆಯಬೇಡಿ, ಅದರಲ್ಲಿ ರಕ್ತದ ಗುಂಪು, ಬಿ.ಪಿ., ಸ್ಕ್ಯಾನಿಂಗ್ ಎಲ್ಲ ಇರುತ್ತೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ: ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಊಟ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ತಾಯಿ ನೆಗೆಟಿವ್ ಗುಂಪು, ಮಗು ಪಾಸಿಟಿವ್ ಆದ್ರೆ 72 ಗಂಟೆಯೊಳಗೆ ಆಂಟಿ ಡಿ ಇಂಜೆಕ್ಷನ್ ಆಗಿದೆಯಾ ಅಂತ ಕೇಳಿ, ಬೇಗ ಡಿಸ್ಚಾರ್ಜ್ ಆಗೋರಿಗೆ ಇದು ತಪ್ಪಬಾರದು. ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೆ.

ಜನನ ನೋಂದಣಿಗೆ 21 ದಿನ. ಅರ್ಜಿಯಲ್ಲಿ ತಂದೆ ತಾಯಿ ಹೆಸರನ್ನ ಆಧಾರ್ ನೋಡಿಯೇ ಬರೆಸಿ, ಪೆನ್ಸಿಲಲ್ಲಿ ಬರೆದ ಕರಡು ಒಮ್ಮೆ ಓದಿ. ಮುಂದೆ ಒಂದು ಅಕ್ಷರ ತಿದ್ದಿಸೋಕೆ ಅಲೆದಾಟ ಬಹಳ.

ಕಾನೂನುಕಟ್ಟೆ:
ಅಪಘಾತ, ಹೊಡೆದಾಟ, ಸುಟ್ಟದ್ದು, ವಿಷ ಇವೆಲ್ಲ ಎಂ.ಎಲ್.ಸಿ. (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಆಗಿ ದಾಖಲಾಗ್ತವೆ, ಪೊಲೀಸರಿಗೆ ಮಾಹಿತಿ ಹೋಗುತ್ತೆ. ‘ನಮಗೆ ಕೇಸ್ ಬೇಡ’ ಅಂದ್ರೂ ಡಾಕ್ಟರು ಅದನ್ನ ಬಿಡುವ ಹಾಗಿಲ್ಲ. ಹಾಗಂತ ಪೊಲೀಸರು ಬರೋವರೆಗೆ ಚಿಕಿತ್ಸೆ ನಿಲ್ಲಿಸುವ ಹಾಗೂ ಇಲ್ಲ. ರಸ್ತೆಯಲ್ಲಿ ಬಿದ್ದೋರನ್ನ ತಂದು ಸೇರಿಸಿದೋರು ಹೆಸರು ಹೇಳಲೇಬೇಕಂತಿಲ್ಲ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತೆ. ಆ್ಯಸಿಡ್ ದಾಳಿ, ಅತ್ಯಾಚಾರಕ್ಕೆ ಒಳಗಾದೋರಿಗೆ ಸರ್ಕಾರಿಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಮೊದಲ ಚಿಕಿತ್ಸೆ ಕೊಡಲೇಬೇಕು.

ಮರಣೋತ್ತರ ಪರೀಕ್ಷೆ ತಡವಾಗೋದು ಬಹುತೇಕ ಪೊಲೀಸ್ ಪಂಚನಾಮೆ ಕಾಗದ ಬಾರದೆ. ಮದುವೆಯಾಗಿ 7 ವರ್ಷದೊಳಗೆ ಹೆಂಗಸು ಅನುಮಾನಾಸ್ಪದವಾಗಿ ತೀರಿಕೊಂಡಿದ್ರೆ ತಹಶೀಲ್ದಾರ್ ಥರದ ಮ್ಯಾಜಿಸ್ಟ್ರೇಟ್ ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತೆ. ದುಃಖದಲ್ಲಿರೋರು ಶವಾಗಾರದ ಸಿಬ್ಬಂದಿ ಜತೆ ಜಗಳಕ್ಕೆ ನಿಲ್ಲೋ ಬದಲು ಯಾವ ಠಾಣೆ, ತನಿಖಾಧಿಕಾರಿ ಯಾರು ಅಂತ ಮೊದಲು ತಿಳ್ಕೊಳ್ಳಿ.

ನೈಟ್‌ಡ್ಯೂಟಿ ಸಿಸ್ಟರ್:
ಮನೆಯವರು ಒಪ್ಪಿದ್ರೆ ತೀರಿಕೊಂಡೋರ ಕಣ್ಣು, ಚರ್ಮ ದಾನ ಮಾಡಬಹುದು, ಎರಡಕ್ಕೂ ತೀರಿಕೊಂಡ 6 ಗಂಟೆಯೊಳಗೆ ಹೇಳಬೇಕು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಡಿ. ವಿಕ್ಟೋರಿಯಾದಲ್ಲಿ 2016ರಿಂದ ಚರ್ಮ ನಿಧಿ ಇದೆ. ಶೇ. 50–60 ಸುಟ್ಟೋರಿಗೆ ತಮ್ಮ ಮೈಯಲ್ಲೇ ತೆಗೆದು ಹಾಕೋಕೆ ಚರ್ಮ ಉಳಿದಿರಲ್ಲ. ದಾನದ ಚರ್ಮ ಕೆಲವು ವಾರ ಹೊದಿಕೆಯಾಗಿ ನಿಂತು ಸೋಂಕು, ನೀರಿನ ನಷ್ಟ ತಡೆಯುತ್ತೆ. ದಾನಿಯ ತೊಡೆ, ಬೆನ್ನಿಂದ ತೆಳುವಾದ ಪದರ ಮಾತ್ರ ತೆಗೀತಾರೆ, ಮುಖ ಹಾಗೇ ಇರುತ್ತೆ.

ಬಾಗಲೂರು_ಕ್ರಾಸ್:
ಖಾಸಗಿ ಐ.ಸಿ.ಯು.ನಲ್ಲಿ ದುಡ್ಡು ಮುಗಿದು ಇಲ್ಲಿಗೆ ಶಿಫ್ಟ್ ಮಾಡೋರಿಗೆ ಏನು ಹೇಳ್ತೀರಾ?

ನೈಟ್‌ಡ್ಯೂಟಿ ಸಿಸ್ಟರ್:
ಮೊದಲು ಫೋನ್. ಆ ಆಸ್ಪತ್ರೆ ಡಾಕ್ಟರೇ ಇಲ್ಲಿನ ಡ್ಯೂಟಿ ಡಾಕ್ಟರ ಜತೆ ಮಾತಾಡಲಿ, ವೆಂಟಿಲೇಟರ್ ಖಾಲಿ ಇದೆಯಾ ಅಂತ ಖಚಿತವಾದ ಮೇಲೆ ಆಂಬುಲೆನ್ಸ್ ಹತ್ತಿಸಿ. ಬರುವಾಗ ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ಫಿಲ್ಮ್ ಅಥವಾ ಸಿ.ಡಿ., ಕೊನೆಯ ದಿನದ ರಕ್ತ ಪರೀಕ್ಷೆ, ಈಗ ಹೋಗ್ತಿರೋ ಔಷಧಿ ಯಾವ ವೇಗದಲ್ಲಿ ಅನ್ನೋ ಚೀಟಿ, ವೆಂಟಿಲೇಟರ್ ಸೆಟ್ಟಿಂಗ್. ಯಾವ ಆ್ಯಂಟಿಬಯೋಟಿಕ್ ಎಷ್ಟನೇ ದಿನ ಅಂತಲೂ ಬರೆಸಿ. ಕಾಗದ ಕೊಡಲ್ಲ ಅಂದ್ರೆ ಲಿಖಿತವಾಗಿ ಕೇಳಿ, 72 ಗಂಟೆಯೊಳಗೆ ದಾಖಲೆ ಕೊಡಬೇಕು ಅನ್ನೋದು ವೈದ್ಯಕೀಯ ಮಂಡಳಿಯ ನಿಯಮ. ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಸಿಲಿಂಡರ್ ಎಷ್ಟು ತುಂಬಿದೆ ಅಂತ ಹೊರಡೋ ಮುಂಚೆ ಗೇಜ್ ನೋಡಿ. ಟೌನ್ ಹಾಲ್ ಸಿಗ್ನಲ್, ಮಾರ್ಕೆಟ್ ಫ್ಲೈಓವರ್ ಕೆಳಗೆ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡ್ರೆ ಇಪ್ಪತ್ತು ನಿಮಿಷದ ದಾರಿ ಒಂದು ಗಂಟೆ ಆಗುತ್ತೆ, ಆ ಲೆಕ್ಕ ಇಟ್ಕೊಂಡೇ ಸಿಲಿಂಡರ್ ಹಾಕಿಸಿ.